ಕಿಂಡಿ ಮುಚ್ಚಿಸಿದ ಡಾಕ್ಟರು: ಪೈನ್ ರಿಜ್‌ನ ಒಂದು ಪ್ರಕರಣ, 1890–93

1890ರ ನವೆಂಬರ್. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಜ್ ಎಂಬಲ್ಲಿಗೆ, ಧೂಳುಗಾಳಿ ಎದ್ದಿದ್ದ ಒಂದು ದಿನ, ಹೊಸ ಸರ್ಕಾರಿ ಡಾಕ್ಟರು ಬಂದಿಳಿದರು. ವಯಸ್ಸು 32. ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರಿಕೆ ಪಾಸಾಗಿದ್ದು ಅದೇ ವರ್ಷ. ಹೆಸರು ಚಾರ್ಲ್ಸ್ ಅಲೆಕ್ಸಾಂಡರ್ ಈಸ್ಟ್‌ಮನ್. ಅವರಿಗೆ ಇನ್ನೊಂದು ಹೆಸರೂ ಇತ್ತು: ಒಹಿಯೆಸಾ. ಗೆದ್ದವನು ಅಂತ ಅರ್ಥ. ಅವರು ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನ.

ಅವರಿಗೆ ಕೊಟ್ಟ ಆಫೀಸಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು, ರೈಲ್ವೆ ಟಿಕೆಟ್ ಕೌಂಟರಿನ ಥರದ್ದು. ರೋಗಿಗಳು ಆಚೆ ಸಾಲಾಗಿ ನಿಲ್ಲಬೇಕು. ತಮ್ಮ ಕಾಯಿಲೆಯನ್ನು ಕಿಂಡಿಯಲ್ಲಿ ಹೇಳಬೇಕು. ಡಾಕ್ಟರು ಒಳಗಿಂದಲೇ ಗುಳಿಗೆಯನ್ನೋ ಕಷಾಯವನ್ನೋ ಕೊಟ್ಟು ಕಳಿಸುತ್ತಾರೆ. ನಾಡಿ ಹಿಡಿಯುವುದಿಲ್ಲ, ನಾಲಿಗೆ ನೋಡುವುದಿಲ್ಲ. ಈಸ್ಟ್‌ಮನ್ ಮಾಡಿದ ಮೊದಲ ಕೆಲಸ ಆ ಕಿಂಡಿಯನ್ನು ಮುಚ್ಚಿಸಿದ್ದು. ಬಾಗಿಲ ಹೊರಗೆ ‘ಒಳಗೆ ಬನ್ನಿ’ ಅಂತ ಬೋರ್ಡು ಹಾಕಿಸಿದರು.

ಎರಡೂ ಕಾಲು ವರ್ಷದಲ್ಲಿ ಅವರು ಆ ಕೆಲಸ ಬಿಟ್ಟು ಹೊರಟರು. ಕೆಲಸ ಸರಿ ಮಾಡಲಿಲ್ಲ ಅಂತ ರೋಗಿಗಳು ದೂರು ಕೊಟ್ಟು ಕಳಿಸಿದ್ದಲ್ಲ. ಜನ ಅವರನ್ನು ನಂಬಿದ್ದೇ ತೊಂದರೆಯಾಯಿತು. ಈ ಪ್ರಕರಣವನ್ನು ಸಾಮಾನ್ಯವಾಗಿ ವೂಂಡೆಡ್ ನೀ ಹತ್ಯಾಕಾಂಡದ, ಅಂದರೆ 1890ರ ಡಿಸೆಂಬರ್‌ನಲ್ಲಿ ಪೈನ್ ರಿಜ್ ಹತ್ತಿರ ಸೈನಿಕರು ಲಕೋಟಾ ಜನರನ್ನು ಕೊಂದ ಘಟನೆಯ, ಕಥೆಯ ಒಂದು ಭಾಗವಾಗಿ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದರ ನಂತರದ್ದು, ಯಾರೂ ಅಷ್ಟಾಗಿ ಹೇಳದ ದುಡ್ಡಿನ ಲೆಕ್ಕದ ಭಾಗ, ಅಷ್ಟೇ ಮುಖ್ಯ ಅನಿಸುತ್ತದೆ.

ಯಾರು ಈ ಡಾಕ್ಟರು

ಡಕೋಟಾ, ಲಕೋಟಾ ಅನ್ನುವುದು ಒಂದೇ ದೊಡ್ಡ ಬಳಗದ ಎರಡು ಕವಲುಗಳು. ಹೊರಗಿನವರು ಎರಡನ್ನೂ ಸೇರಿಸಿ ‘ಸೂ’ ಅನ್ನುತ್ತಿದ್ದರು. ಪೂರ್ವದ ಮಿನ್ನೆಸೋಟಾ ಕಡೆಯವರು ಡಕೋಟಾ, ಪಶ್ಚಿಮದ ಬಯಲಿನವರು ಲಕೋಟಾ. ಒಬ್ಬರು ‘ದ’ ಅನ್ನುವ ಕಡೆ ಇನ್ನೊಬ್ಬರು ‘ಲ’ ಅನ್ನುತ್ತಾರೆ. ಗೆಳೆಯನಿಗೆ ಅಲ್ಲಿ ‘ಕೋದಾ’, ಇಲ್ಲಿ ‘ಕೋಲಾ’. ಮಂಗಳೂರಿನವರು ಧಾರವಾಡಕ್ಕೆ ಹೋದಂತೆ ಅನ್ನಿ. ಮಾತು ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ, ಆದರೆ ಅರ್ಥಕ್ಕೆ ಮೋಸವಿಲ್ಲ. ಈಸ್ಟ್‌ಮನ್ ಪೂರ್ವದ ಸ್ಯಾಂಟೀ ಡಕೋಟಾ. ಪೈನ್ ರಿಜ್‌ನವರು ಓಗ್ಲಾಲಾ ಲಕೋಟಾ. ಸ್ವಂತ ಊರಲ್ಲ, ಆದರೂ ನಂಟಿನ ಊರು.

ಅವರು ಹುಟ್ಟಿದ್ದು 1858ರಲ್ಲಿ, ಮಿನ್ನೆಸೋಟಾದ ರೆಡ್‌ವುಡ್ ಫಾಲ್ಸ್ ಹತ್ತಿರ. ಹೆರಿಗೆಯಾದ ಸ್ವಲ್ಪದರಲ್ಲೇ ತಾಯಿ ತೀರಿಕೊಂಡರು. ಹಾಗಾಗಿ ಮಗುವಿಗೆ ‘ಹಕಾದಾ’ ಅಂತ ಕರೆದರು. ಪಾಪದ ಕೊನೆಯವನು ಅಂತ ಅರ್ಥ. ಸಾಕಿದ್ದು ಅಜ್ಜಿ. 1862ರಲ್ಲಿ ಡಕೋಟಾ ಜನಕ್ಕೂ ಅಮೆರಿಕ ಸರ್ಕಾರಕ್ಕೂ ಯುದ್ಧವಾಯಿತು. ಬಿಟ್ಟುಕೊಟ್ಟ ನೆಲಕ್ಕೆ ಸರ್ಕಾರ ಕೊಡಬೇಕಿದ್ದ ಒಪ್ಪಂದದ ಹಣ ಬಂದಿರಲಿಲ್ಲ, ಜನ ಹಸಿದಿದ್ದರು, ಅಂಗಡಿಯವರು ಸಾಲ ಕೊಡಲು ಒಪ್ಪಲಿಲ್ಲ. ಯುದ್ಧ ಸೋತ ಮೇಲೆ ಡಿಸೆಂಬರ್ 26ರಂದು ಮ್ಯಾಂಕೇಟೋ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೇ ಗಲ್ಲಿಗೇರಿಸಿದರು. ಅಜ್ಜಿ ಮತ್ತು ಚಿಕ್ಕಪ್ಪ ಹುಡುಗನನ್ನು ಕರೆದುಕೊಂಡು ಕೆನಡಾ ಕಡೆ ಓಡಿದರು. ಅಪ್ಪ ಸತ್ತ ಅಂತಲೇ ಎಲ್ಲರೂ ತಿಳಿದಿದ್ದರು.

ಅಪ್ಪ ಸತ್ತಿರಲಿಲ್ಲ. ಮರಣದಂಡನೆ ಅಧ್ಯಕ್ಷ ಲಿಂಕನ್‌ರಿಂದ ರದ್ದಾಗಿ, ಅಯೋವಾದ ಡ್ಯಾವೆನ್‌ಪೋರ್ಟ್ ಜೈಲಿನಲ್ಲಿದ್ದರು. ಅಲ್ಲಿ ಕ್ರೈಸ್ತರಾಗಿ, ಜೇಕಬ್ ಈಸ್ಟ್‌ಮನ್ ಅಂತ ಹೆಸರು ಇಟ್ಟುಕೊಂಡು, ಬಿಡುಗಡೆಯಾದ ಮೇಲೆ ಫ್ಲಾಂಡ್ರೋ ಎಂಬಲ್ಲಿ ಬೇಸಾಯ ಶುರು ಮಾಡಿದ್ದರು. ಮಗನಿಗೆ ಹದಿನೈದಾದಾಗ ಕೆನಡಾಕ್ಕೆ ಹುಡುಕಿಕೊಂಡು ಹೋಗಿ ಕರೆತಂದರು. ಬೇಟೆಗಾರನಾಗಿ ಬೆಳೆದ ಹುಡುಗನಿಗೆ ಕೂದಲು ಕತ್ತರಿಸಿ ಶಾಲೆಗೆ ಹಾಕಿದರು. ಆಮೇಲೆ ಒಂದರ ಮೇಲೊಂದು ಶಾಲೆ, ಕಾಲೇಜು. 1887ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ಪದವಿ, 1890ರಲ್ಲಿ ವೈದ್ಯ ಪದವಿ.

ಬಾಸ್ಟನ್‌ನಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ತನ್ನವರ ನಡುವೆ ಕೆಲಸ ಮಾಡಬೇಕು ಅಂತ ಅವರೇ ಬಯಸಿ ಬಂದ ಜಾಗ ಇದು.

ಏಜೆನ್ಸಿಯ ಒಳಗೆ

ಪೈನ್ ರಿಜ್ ಅನ್ನುವುದು ಮೂಲನಿವಾಸಿಗಳಿಗೆ ಅಂತ ಸರ್ಕಾರ ಗೊತ್ತು ಮಾಡಿದ್ದ ಮೀಸಲು ಪ್ರದೇಶದ ಹೆಸರೂ ಹೌದು, ಅದರ ಆಡಳಿತ ನಡೆಯುವ ಊರಿನ ಹೆಸರೂ ಹೌದು. ಆ ಊರನ್ನು ‘ಏಜೆನ್ಸಿ’ ಅನ್ನುತ್ತಿದ್ದರು. ತಾಲ್ಲೂಕು ಕಚೇರಿ, ರೇಷನ್ ಡಿಪೋ, ಪೊಲೀಸ್ ಠಾಣೆ, ಆಸ್ಪತ್ರೆ ಎಲ್ಲ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದರೆ ಹೇಗಿರುತ್ತೆ ಊಹಿಸಿಕೊಳ್ಳಿ. ಆ ಅಧಿಕಾರಿಯೇ ಏಜೆಂಟ್. ಮೀಸಲು ಪ್ರದೇಶ ಸುಮಾರು ನೂರು ಮೈಲಿ ಉದ್ದ, ಐವತ್ತು ಮೈಲಿ ಅಗಲ. ಬೇಟೆಯ ಕಾಡೆಮ್ಮೆಗಳು ಆಗಲೇ ಮುಗಿದುಹೋಗಿದ್ದವು. ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಸರ್ಕಾರ ಒಪ್ಪಿಕೊಂಡಿದ್ದ ರೇಷನ್ ಮೇಲೇ ಜನ ಬದುಕಬೇಕಿತ್ತು. ಅದರಲ್ಲೂ ಮಾಂಸದ ಪಾಲನ್ನು ಕಡಿತ ಮಾಡಿದ್ದರು.

ಆಸ್ಪತ್ರೆ ಅಂತ ಬಾಯಿಮಾತಿಗೆ ಅಂದೆ. ಈಸ್ಟ್‌ಮನ್‌ಗೆ ಆಸ್ಪತ್ರೆ ಇರಲಿಲ್ಲ, ನರ್ಸ್ ಇರಲಿಲ್ಲ. ಸಾವಿರಾರು ಜನಕ್ಕೆ ಅವರೊಬ್ಬರೇ. ಕುದುರೆ ಹತ್ತಿ ದೂರದ ಹಳ್ಳಿಗಳಿಗೆ ಹೋಗಬೇಕಿತ್ತು.

ಬಂದ ಹೊಸದರಲ್ಲೇ ‘ದೊಡ್ಡ ರೇಷನ್’ ದಿನ. ಮೂಲೆಮೂಲೆಯಿಂದ ಜನ ಬಂದು ಸೇರಿದ್ದರು. ನಮ್ಮ ಮಾತಾಡುವ ಡಾಕ್ಟರು ಬಂದಿದ್ದಾರಂತೆ ಅಂತ ಸುದ್ದಿ ಹರಡಿ ಅನೇಕರು ಸುಮ್ನೆ ನೋಡುವುದಕ್ಕೇ ಬಂದರು. ನಡುವೆ ದುಭಾಷಿ ಬೇಕಿರಲಿಲ್ಲ. ವೈದ್ಯಕೀಯದಲ್ಲಿ ಇದು ಸಣ್ಣ ಮಾತಲ್ಲ. ಎಲ್ಲಿ ನೋವು, ಯಾವಾಗಿಂದ, ಎಂಥಾ ನೋವು: ಇದನ್ನು ಬೇರೆ ಭಾಷೆಯಲ್ಲಿ ಹೇಳಿ ನೋಡಿ, ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ.

ಆ ಏಜೆನ್ಸಿಯಲ್ಲಿ ಆಗ ತಮ್ಮ ಜನಕ್ಕೆ ಕೆಲಸ ಮಾಡುತ್ತಿದ್ದ ಮೂಲನಿವಾಸಿ ನೌಕರರು ಅವರೊಬ್ಬರೇ ಅಲ್ಲ. ಪೊಲೀಸ್ ಪಡೆಯ ಮುಖ್ಯಸ್ಥ ಕ್ಯಾಪ್ಟನ್ ಜಾರ್ಜ್ ಸ್ವೋರ್ಡ್ ಓಗ್ಲಾಲಾದವರು. ಎಪಿಸ್ಕೋಪಲ್ ಚರ್ಚಿನ ಪಾದ್ರಿ ಚಾರ್ಲ್ಸ್ ಸ್ಮಿತ್ ಕುಕ್ ತಾಯಿಯ ಕಡೆಯಿಂದ ಯಾಂಕ್ಟನ್ ಡಕೋಟಾ. ಡಾಕ್ಟರು, ಪಾದ್ರಿ, ಪೊಲೀಸ್. ಮೂವರಿಗೂ ಸಂಬಳವೋ ಪದವಿಯೋ ಬಿಳಿಯರ ಸಂಸ್ಥೆಯಿಂದ. ಮೂವರ ಮಾತೂ ಮನೆಯ ಮಾತು. ಮುಂದಿನ ಎರಡು ತಿಂಗಳು ಈ ಮೂವರಿಗೂ ಅಗ್ನಿಪರೀಕ್ಷೆ.

ಆ ವರ್ಷ ‘ಪ್ರೇತ ನೃತ್ಯ’ ಎಂಬ ಹೊಸ ಭಕ್ತಿ ಪಂಥ ಹಬ್ಬಿತ್ತು. ನೆವಾಡಾದ ಪೈಯೂಟ್ ಜನಾಂಗದ ವೊವೊಕಾ ಶುರು ಮಾಡಿದ್ದು. ಕುಣಿದು ಪ್ರಾರ್ಥಿಸಿದರೆ ಸತ್ತವರು ಮರಳುತ್ತಾರೆ, ಕಾಡೆಮ್ಮೆಗಳು ಮರಳುತ್ತವೆ ಅನ್ನುವ ನಂಬಿಕೆ. ಹೊಟ್ಟೆಗಿಲ್ಲದ ಜನಕ್ಕೆ ಬೇರೆ ಏನು ಭರವಸೆ ಉಳಿದಿತ್ತು? ಏಜೆಂಟ್ ಡೇನಿಯಲ್ ರಾಯರ್ ಇದನ್ನು ದಂಗೆ ಅಂತ ಭಾವಿಸಿ ಗಾಬರಿಯಾದರು. ಅವರಿಗೆ ಲಕೋಟಾ ಜನ ಇಟ್ಟಿದ್ದ ಅಡ್ಡಹೆಸರು ‘ಲಕೋಟಾದವರಿಗೆ ಹೆದರುವ ಹುಡುಗ’.

ನವೆಂಬರ್‌ನ ಒಂದು ರೇಷನ್ ದಿನ ಪೊಲೀಸರು ಒಬ್ಬನನ್ನು ಹಿಡಿಯಲು ಹೋದಾಗ ಗುಂಪು ಮುತ್ತಿಕೊಂಡಿತು. ಒಂದು ಗುಂಡು ಹಾರಿದ್ದರೂ ಸಾಕಿತ್ತು. ಅಮೆರಿಕನ್ ಹಾರ್ಸ್ ಎಂಬ ಮುಖಂಡರು ನಡುವೆ ಬಂದು ನಿಂತು, ಎದುರಿಗೆ ಪಿಸ್ತೂಲು ಹಿಡಿದವನಿದ್ದರೂ ಅಲ್ಲಾಡದೆ, ಮಾತಿನಿಂದಲೇ ಗುಂಪನ್ನು ತಣ್ಣಗಾಗಿಸಿದರು. ಇದೆಲ್ಲ ನಡೆದದ್ದು ಈಸ್ಟ್‌ಮನ್ ಕಣ್ಣೆದುರಿಗೆ. ಅದಾದ ಮೇಲೆ ಏಜೆಂಟ್ ಸಲಹೆ ಕೇಳಿದಾಗ, ಸೈನ್ಯ ಕರೆಸುವುದು ಬೇಡ ಅಂತ ಅವರು ಹೇಳಿದರು. ಅವರ ಮಾತು ನಡೆಯಲಿಲ್ಲ. ನವೆಂಬರ್ 20ರ ಹೊತ್ತಿಗೆ ಸೈನ್ಯ ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ತನ್ನವರಲ್ಲೊಬ್ಬ ಕೆಲಸದಲ್ಲಿದ್ದರೆ ಆಡಳಿತಕ್ಕೆ ಏನು ಲಾಭ? ಒಳಗಿನ ಸುದ್ದಿ ಸರಿಯಾಗಿ ಗೊತ್ತಾಗುತ್ತದೆ. ಸುದ್ದಿ ಬಂತು, ಸರಿಯಾಗಿಯೇ ಬಂತು. ಕೇಳಿದವರಿಗೆ ಬೇಕಾಗಿದ್ದ ಸುದ್ದಿ ಅದಾಗಿರಲಿಲ್ಲ, ಅಷ್ಟೇ.

ಚರ್ಚಿನ ನೆಲದ ಮೇಲೆ

ಡಿಸೆಂಬರ್ 29ರ ಬೆಳಿಗ್ಗೆ, ಏಜೆನ್ಸಿಯಿಂದ ಹದಿನೆಂಟು ಮೈಲಿಯಷ್ಟು ದೂರದ ವೂಂಡೆಡ್ ನೀ ಹಳ್ಳದ ಬಳಿ, ಏಳನೇ ಅಶ್ವದಳದ ಸೈನಿಕರು ಬಿಗ್ ಫುಟ್ ಎಂಬ ಮುಖಂಡನ ಗುಂಪಿನ ಆಯುಧ ಕಿತ್ತುಕೊಳ್ಳುತ್ತಿದ್ದರು. ಬಿಗ್ ಫುಟ್ ನ್ಯುಮೋನಿಯಾದಿಂದ ಮಲಗಿದ್ದರು. ಎಲ್ಲೋ ಒಂದು ಗುಂಡು ಹಾರಿತು. ಆಮೇಲೆ ಗುಡ್ಡದ ಮೇಲಿದ್ದ ನಾಲ್ಕು ಹಾಚ್‌ಕಿಸ್ ತೋಪುಗಳು ಡೇರೆಗಳ ಮೇಲೆ ಗುಂಡು ಸುರಿಸಿದವು. ಸತ್ತವರು 150ಕ್ಕೂ ಜಾಸ್ತಿ, ಕೆಲವರ ಲೆಕ್ಕದಲ್ಲಿ 300ರ ಹತ್ತಿರ. ಬಹಳಷ್ಟು ಜನ ಹೆಂಗಸರು, ಮಕ್ಕಳು.

ತೋಪಿನ ಸದ್ದು ಏಜೆನ್ಸಿಗೂ ಕೇಳಿತು. ರಾತ್ರಿ ಗಾಯಾಳುಗಳ ಗಾಡಿಗಳು ಬಂದವು. ಅಷ್ಟು ಜನರನ್ನು ಎಲ್ಲಿ ಮಲಗಿಸುವುದು? ಪಾದ್ರಿ ಕುಕ್ ತಮ್ಮ ಚರ್ಚನ್ನು ಬಿಟ್ಟುಕೊಟ್ಟರು. ಬೆಂಚುಗಳನ್ನು ಕಿತ್ತು ಹಾಕಿ, ನೆಲಕ್ಕೆ ಒಣಹುಲ್ಲು ಹರಡಿ, ಮೇಲೆ ಕೌದಿ ಹಾಸಿ ಸಾಲಾಗಿ ಮಲಗಿಸಿದರು. ಕ್ರಿಸ್‌ಮಸ್ ಮುಗಿದು ನಾಲ್ಕೇ ದಿನ. ಹಬ್ಬಕ್ಕೆ ಕಟ್ಟಿದ್ದ ಹಸಿರು ತೋರಣ ಮೇಲೆ ಹಾಗೇ ಇತ್ತು.

ಈ ಪ್ರಕರಣದ ತಿರುಳು ಅಂತ ನಾನು ಅಂದುಕೊಂಡಿರುವುದು ಇಲ್ಲಿದೆ. ಸೈನ್ಯದಲ್ಲಿ ಡಾಕ್ಟರುಗಳಿದ್ದರು. ತಮ್ಮ ಸೈನಿಕರನ್ನು ನೋಡಿಕೊಂಡ ಮೇಲೆ ಇವರಿಗೂ ನೆರವಾಗಲು ಅವರು ತಯಾರಿದ್ದರು. ಕೈಯಲ್ಲಿ ಹೆಚ್ಚು ಅನುಭವ, ಹೆಚ್ಚು ಸಾಮಾನು ಅವರದ್ದೇ. ಆದರೆ ಗಾಯಾಳುಗಳು ಸಮವಸ್ತ್ರದವರು ಮೈ ಮುಟ್ಟುವುದಕ್ಕೇ ಬಿಡಲಿಲ್ಲ. ಬೆಳಿಗ್ಗೆ ಗುಂಡು ಹಾರಿಸಿದ್ದು ಅದೇ ಬಟ್ಟೆ, ಅಲ್ವಾ? ಹೀಗಾಗಿ ಅಲ್ಲಿದ್ದ ಸೈನ್ಯದ ಮುಖ್ಯಸ್ಥ ಜನರಲ್ ಬ್ರೂಕ್ ಆ ಹೊಣೆಯನ್ನು ಈಸ್ಟ್‌ಮನ್‌ಗೆ ವಹಿಸಿದರು. ಹೆಚ್ಚುಕಡಿಮೆ ಎಲ್ಲ ಕೆಲಸವೂ ಅವರ ಮೇಲೇ ಬಿತ್ತು. ಪದವಿ ಪಡೆದು ಒಂದು ವರ್ಷವೂ ಆಗಿರದ ಡಾಕ್ಟರ ಎದುರಿಗೆ, ತೋಪಿನ ಚೂರುಗಳಿಂದ ಹರಿದುಹೋದ ಹೆಂಗಸರು, ಮಕ್ಕಳು.

ಜೊತೆಗೆ ಶುಶ್ರೂಷೆಗೆ ನಿಂತವರಲ್ಲಿ ಎಲೈನ್ ಗುಡೇಲ್ ಒಬ್ಬರು. ಮ್ಯಾಸಚೂಸೆಟ್ಸ್‌ನಿಂದ ಬಂದು, ಡಕೋಟಾ ಭಾಷೆ ಕಲಿತು, ಆ ಸೀಮೆಯ ಶಾಲೆಗಳ ಮೇಲ್ವಿಚಾರಕಿಯಾಗಿದ್ದವರು. ಆ ಕ್ರಿಸ್‌ಮಸ್ ಹೊತ್ತಿಗಷ್ಟೇ ಇಬ್ಬರ ಮದುವೆ ಮಾತಾಗಿತ್ತು.

ಎಷ್ಟು ಮಾಡಿದರೂ ಹೆಚ್ಚಿನವರು ಉಳಿಯಲಿಲ್ಲ. ಉಳಿದವರಲ್ಲಿ ಕೆಲವು ಅನಾಥ ಮಕ್ಕಳಿದ್ದರು.

ನಡುವೆ ಹಿಮಬಿರುಗಾಳಿ. ಅದು ನಿಂತ ಮೇಲೆ, 1891ರ ಜನವರಿ 1ರಂದು, ಈಸ್ಟ್‌ಮನ್ ಒಂದು ತಂಡ ಕಟ್ಟಿಕೊಂಡು ಹತ್ಯೆಯ ಜಾಗಕ್ಕೆ ಹೋದರು. ತಂಡದಲ್ಲಿ ನೂರರಷ್ಟು ಜನ, ಬಹುಪಾಲು ಲಕೋಟಾದವರೇ. ಯಾರಾದರೂ ಬದುಕಿದ್ದಾರಾ ನೋಡಬೇಕಿತ್ತು. ಡೇರೆಗಳಿದ್ದ ಜಾಗದಿಂದ ಮೂರು ಮೈಲಿ ದೂರದಲ್ಲೇ ಮೊದಲ ಹೆಂಗಸಿನ ಹೆಣ ಸಿಕ್ಕಿತು, ಹಿಮದಡಿಯಲ್ಲಿ. ಅಲ್ಲಿಂದ ಮುಂದಕ್ಕೆ ದಾರಿಯುದ್ದಕ್ಕೂ. ಓಡುತ್ತಿದ್ದವರನ್ನು ಅಟ್ಟಿಸಿಕೊಂಡು ಹೋಗಿ ಕೊಂದಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಂಡದವರು ತಮ್ಮ ನೆಂಟರ ಹೆಣ ಗುರುತಿಸಿ ಅಳುತ್ತಿದ್ದರು, ಮರಣಗೀತೆ ಹಾಡುತ್ತಿದ್ದರು. ಮೂರು ದಿನ ಆ ಚಳಿಯಲ್ಲಿ ಬಿದ್ದಿದ್ದರೂ ಕೆಲವರು ಬದುಕಿದ್ದರು. ಬೆಚ್ಚಗೆ ಸುತ್ತಿಟ್ಟಿದ್ದ ಒಂದು ವರ್ಷದ ಮಗು. ಗಾಡಿಯ ಕೆಳಗೆ ಅಡಗಿದ್ದ ಕಣ್ಣು ಕಾಣದ ಮುದುಕಿ. ಮುಂದೆ ಗುತ್ತಿಗೆಯವರು ಬಂದು ಒಂದೇ ಗುಂಡಿಯಲ್ಲಿ 146 ಹೆಣ ಹೂತರು.

ಬಿಳಿಯರ ಧರ್ಮದ ಪ್ರೀತಿಯ ಮಾತನ್ನು ನಂಬಿ ಬೆಳೆದವನಿಗೆ ಅದು ದೊಡ್ಡ ಪರೀಕ್ಷೆಯಾಗಿತ್ತು ಅಂತ ಅವರು ಮುಂದೆ 1916ರಲ್ಲಿ ಬರೆದುಕೊಂಡರು. ಹಾಗಂತ ಕೆಲಸ ಬಿಡಲಿಲ್ಲ. 1891ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಎಲೈನ್ ಅವರನ್ನು ಮದುವೆಯಾಗಿ ಪೈನ್ ರಿಜ್‌ಗೇ ಮರಳಿದರು.

ಒಂದು ಲಕ್ಷ ಡಾಲರ್

ಗಲಾಟೆಯ ದಿನಗಳಲ್ಲಿ ಸರ್ಕಾರದ ಮಾತು ಕೇಳಿ ಏಜೆನ್ಸಿಗೆ ಬಂದು ಕೂತ ಕುಟುಂಬಗಳಿದ್ದವು. ಕಡತದಲ್ಲಿ ಅವರನ್ನು ‘ಸ್ನೇಹಪರರು’ ಅಂತ ಬರೆದರು. ಅವರು ಇತ್ತ ಬಂದಾಗ ಅತ್ತ ಮನೆ ಲೂಟಿಯಾಯಿತು, ದನ ಹೋದವು. ಈ ನಷ್ಟಕ್ಕೆ ಪರಿಹಾರವಾಗಿ ಅಮೆರಿಕದ ಸಂಸತ್ತು ಒಂದು ಲಕ್ಷ ಡಾಲರ್ ಮಂಜೂರು ಮಾಡಿತು. ಹಂಚುವುದಕ್ಕೆ ಒಬ್ಬ ವಿಶೇಷ ಅಧಿಕಾರಿ ಬಂದರು. 1892ರಲ್ಲಿ ಬಟವಾಡೆ ಆಯಿತು.

ಬಟವಾಡೆಗೆ ಸಾಕ್ಷಿಗಳು ಬೇಕಿತ್ತು. ಡಾಕ್ಟರನ್ನೂ ಸಾಕ್ಷಿಯಾಗಿ ಹಾಕಿಕೊಂಡರು. ಯಾಕೆ ಅಂತ ಊಹಿಸುವುದು ಕಷ್ಟವೇನಲ್ಲ. ಓದು ಬರಹ ಬಾರದ ಜನ ಸಹಿಯ ಬದಲು ಗುರುತು ಹಾಕುವ ಕಡೆ, ಅವರು ನಂಬುವ ಮನುಷ್ಯ ಪಕ್ಕದಲ್ಲಿ ಕೂತಿದ್ದರೆ ಕೆಲಸ ಸಲೀಸು. ಆಗ ಯಾರಿಗೂ ಅನುಮಾನ ಬರುವುದಿಲ್ಲ.

ಸ್ವಲ್ಪ ದಿನಕ್ಕೇ ಜನ ಒಬ್ಬೊಬ್ಬರಾಗಿ ಡಾಕ್ಟರ ಮನೆಗೆ ಬರತೊಡಗಿದರು. ಕೊಟ್ಟ ನೋಟು ಎಣಿಸಿದರೆ ಬರೆದ ಮೊತ್ತಕ್ಕಿಂತ ಕಡಿಮೆ. ನೂರಕ್ಕೆ ಹತ್ತು, ಹದಿನೈದು ಕಡಿಮೆ ಅಂತ ಈಸ್ಟ್‌ಮನ್ ಬರೆದಿದ್ದಾರೆ. ಈಗ ಏನು ಮಾಡುವುದು? ಕಾಗದದ ಮೇಲೆ ಅವರದೇ ಸಹಿ ಇದೆ. ಇದು ಡಾಕ್ಟರಿಕೆಯ ಕೆಲಸ ಅಲ್ಲ ಅಂದು ಸುಮ್ಮನಿರಬಹುದಿತ್ತು. ಎಷ್ಟೋ ಜನ ಹಾಗೇ ಮಾಡುತ್ತಿದ್ದರು. ಈಸ್ಟ್‌ಮನ್ ಪ್ರಮಾಣ ಮಾಡಿಸಿದ ಹೇಳಿಕೆಗಳನ್ನು ಸೇರಿಸಿ ಮೇಲಿನವರಿಗೆ ಕಳಿಸಿದರು.

ಆಗಿನ ಏಜೆಂಟ್ ರಾಯರ್ ಅಲ್ಲ. ಅವರನ್ನು ತೆಗೆದಿದ್ದರು, ಈಗ ಆ ಜಾಗದಲ್ಲಿ ಸೈನ್ಯದ ಕ್ಯಾಪ್ಟನ್ ಜಾರ್ಜ್ ಲೆರಾಯ್ ಬ್ರೌನ್ ಇದ್ದರು. ಶಿಸ್ತಿನ ಮನುಷ್ಯ. ಶುರುವಿನಲ್ಲಿ ಇಬ್ಬರಿಗೂ ಹೊಂದಾಣಿಕೆ ಚೆನ್ನಾಗಿಯೇ ಇತ್ತು. ದೂರು ಹೋದ ಮೇಲೆ ಕೆಟ್ಟಿತು. ಬ್ರೌನ್ ದೃಷ್ಟಿಯಲ್ಲಿ ಡಾಕ್ಟರು ತಮ್ಮ ಕೈಕೆಳಗಿನ ನೌಕರ. ನೌಕರ ಜನರ ಪರ ವಕಾಲತ್ತು ವಹಿಸಿದರೆ ಆಡಳಿತ ನಡೆಯುವುದು ಹೇಗೆ? ಅವರನ್ನು ಪೂರ್ತಿ ಕೆಟ್ಟವರು ಅಂತ ಬರೆಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಏಜೆನ್ಸಿ ಒಂದು ಸೈನ್ಯದ ತುಕಡಿಯಂತೆ ಕಂಡಿತ್ತು. ತುಕಡಿಯಲ್ಲಿ ಕೆಳಗಿನವನು ಮೇಲಿನವನ ಲೆಕ್ಕ ಕೇಳುವುದಿಲ್ಲ.

ತನಿಖೆ ನಡೆಯಿತು. ಮೊದಲು ಬಂದ ತನಿಖಾಧಿಕಾರಿ ಜನ ಹೇಳಿದ್ದರಲ್ಲಿ ಹುರುಳಿದೆ ಅಂದರು. ಅದು ವಾಷಿಂಗ್ಟನ್‌ಗೆ ಹಿಡಿಸಲಿಲ್ಲ. ಮತ್ತೆ ತನಿಖೆಯಾಯಿತು, ಈ ಸಲ ಎಲ್ಲ ಸರಿಯಾಗಿದೆ ಅಂತ ವರದಿ ಬಂತು. ಜಗಳ ಏಜೆಂಟ್ ಮತ್ತು ಡಾಕ್ಟರ ನಡುವಿನದ್ದಾಗಿ ಬದಲಾಯಿತು. ದುಡ್ಡು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಪಕ್ಕಕ್ಕೆ ಸರಿದು, ಡಾಕ್ಟರು ಶಿಸ್ತು ಪಾಲಿಸಿದರಾ ಅನ್ನುವುದು ಮುಂದೆ ಬಂತು. ಸರ್ಕಾರಿ ಕಚೇರಿ ಕಂಡವರಿಗೆ ಈ ದಾರಿ ಹೊಸದಲ್ಲ. 1893ರ ಶುರುವಿನಲ್ಲಿ ಈಸ್ಟ್‌ಮನ್ ರಾಜೀನಾಮೆ ಕೊಟ್ಟರು.

ಚರ್ಚಿನ ರಾತ್ರಿಯನ್ನೂ ಈ ಬಟವಾಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬಳಕೆಯಾದದ್ದು ಒಂದೇ ವಸ್ತು: ಜನ ಅವರ ಮೇಲಿಟ್ಟ ನಂಬಿಕೆ. ಸೈನ್ಯದ ಡಾಕ್ಟರುಗಳಿಗೆ ಇಲ್ಲದ್ದು, ಬಟವಾಡೆ ಅಧಿಕಾರಿಗೂ ಇಲ್ಲದ್ದು. ಗಾಯಕ್ಕೆ ಬಟ್ಟೆ ಕಟ್ಟುವಾಗ, ಕಾಗದಕ್ಕೆ ಸಾಕ್ಷಿ ಹಾಕುವಾಗ ಆಡಳಿತಕ್ಕೆ ಅದು ಬೇಕಿತ್ತು. ಅದೇ ನಂಬಿಕೆಯ ಮೇಲೆ ಜನ ದೂರು ತಂದಾಗ ಬೇಡವಾಯಿತು. ಕಿಂಡಿ ಮುಚ್ಚಿಸಿ ಬಾಗಿಲು ತೆರೆದರೆ ಬರುವುದು ಬರೀ ಕೆಮ್ಮು ಜ್ವರ ಅಲ್ಲವಲ್ಲ.

ಇದು ಈಸ್ಟ್‌ಮನ್ ಒಬ್ಬರ ಸ್ವಭಾವದಿಂದ ಆದದ್ದು ಅನ್ನುವವರಿದ್ದಾರೆ. ಹಟದ ಮನುಷ್ಯ, ನಿಜ. ಆದರೆ ಅದೇ ಕಾಲದಲ್ಲಿ ನೆಬ್ರಾಸ್ಕಾದ ಓಮಾಹಾ ಜನಾಂಗದ ಸೂಸನ್ ಲಾ ಫ್ಲೆಶ್ ಅವರನ್ನು ನೋಡಿ. 1889ರಲ್ಲಿ ವೈದ್ಯ ಪದವಿ ಪಡೆದು ತಮ್ಮವರ ನಡುವೆ ಸರ್ಕಾರಿ ಡಾಕ್ಟರಾದರು. ಅಲ್ಲೂ 1,200ಕ್ಕೂ ಹೆಚ್ಚು ಜನಕ್ಕೆ ಅವರೊಬ್ಬರೇ. ಅಲ್ಲೂ ಜನ ಕಾಯಿಲೆ ಜೊತೆಗೆ ಜಮೀನಿನ ಕಾಗದ, ಸಾಲದ ಲೆಕ್ಕ ಹಿಡಿದು ಬರುತ್ತಿದ್ದರು. ಮೈ ತಡೆಯದೆ ಅವರೂ 1893ರಲ್ಲೇ ಆ ಕೆಲಸ ಬಿಟ್ಟರು. ಇಪ್ಪತ್ತು ವರ್ಷದ ಮೇಲೆ, 1913ರಲ್ಲಿ, ವಾಲ್ಟ್‌ಹಿಲ್ ಊರಿನಲ್ಲಿ ದಾನಿಗಳಿಂದ ಹಣ ಕೂಡಿಸಿ ಆಸ್ಪತ್ರೆ ಕಟ್ಟಿಸಿದರು. ಅದಕ್ಕೆ ಏಜೆಂಟರ ಹಂಗಿರಲಿಲ್ಲ.

ಆಮೇಲೆ

ಈಸ್ಟ್‌ಮನ್ ಸೇಂಟ್ ಪಾಲ್ ನಗರಕ್ಕೆ ಹೋಗಿ ಸ್ವಂತ ಕ್ಲಿನಿಕ್ ಇಟ್ಟರು. ಬಂದವರಲ್ಲಿ ಕೆಲವರು ನಿಮ್ಮ ಜನರ ಬೇರು-ನಾರಿನ ಔಷಧಿ ಕೊಡಿ ಅನ್ನುತ್ತಿದ್ದರಂತೆ. ಅವರ ಹೆಸರಿನಲ್ಲಿ ಬಾಟಲಿ ಔಷಧಿ ಮಾರಿ ದುಡ್ಡು ಮಾಡೋಣ ಅಂತ ಕೇಳಿದವರೂ ಇದ್ದರು. ಒಪ್ಪಲಿಲ್ಲ. ಕ್ಲಿನಿಕ್ ಕೈ ಹಿಡಿಯಲಿಲ್ಲ. ಆಮೇಲೆ ವೈಎಂಸಿಎ ಎಂಬ ಕ್ರೈಸ್ತ ಯುವಜನ ಸಂಸ್ಥೆಯ ಪರವಾಗಿ ಮೀಸಲು ಪ್ರದೇಶಗಳನ್ನು ಸುತ್ತಿದರು. 1862ರ ಯುದ್ಧದ ಮೇಲೆ ಸರ್ಕಾರ ತಡೆಹಿಡಿದಿದ್ದ ಸ್ಯಾಂಟೀ ಜನರ ಒಪ್ಪಂದದ ಹಣಕ್ಕಾಗಿ ವಾಷಿಂಗ್ಟನ್‌ಗೆ ಅಲೆದರು.

1900ರಲ್ಲಿ ಮತ್ತೆ ಸರ್ಕಾರಿ ಡಾಕ್ಟರ ಕೆಲಸ ಸಿಕ್ಕಿತು, ಕ್ರೋ ಕ್ರೀಕ್ ಎಂಬಲ್ಲಿ. 1863ರಲ್ಲಿ ಮಿನ್ನೆಸೋಟಾದಿಂದ ಡಕೋಟಾ ಜನರನ್ನು ದೋಣಿಗಳಲ್ಲಿ ತುಂಬಿ ತಂದು ಇಳಿಸಿದ್ದು ಇಲ್ಲಿಗೇ. ಆಗ ಹಸಿವು ಮತ್ತು ಕಾಯಿಲೆಯಿಂದ ನೂರಾರು ಜನ ಇಲ್ಲಿ ಸತ್ತಿದ್ದರು. ಅಂದರೆ ಅವರ ಸ್ವಂತ ಕವಲಿನ ಸಂಕಟದ ಜಾಗ. ಅಲ್ಲೂ ಏಜೆಂಟರ ಜೊತೆ ಸರಿಹೋಗಲಿಲ್ಲ. 1903ರಲ್ಲಿ ಅದೂ ಮುಗಿಯಿತು. ಮೀಸಲು ಪ್ರದೇಶದಲ್ಲಿ ಅವರು ಡಾಕ್ಟರಾಗಿ ಕೂತದ್ದು ಅದೇ ಕೊನೆ.

ಮುಂದೆ 1909ರವರೆಗೆ ಸರ್ಕಾರ ಕೊಟ್ಟಿದ್ದು ಬೇರೆ ಕೆಲಸ. ಮೀಸಲು ಪ್ರದೇಶದ ಜಮೀನನ್ನು ಒಬ್ಬೊಬ್ಬರ ಹೆಸರಿಗೆ ಹಂಚಿಯಾಗಿತ್ತು. ಆದರೆ ಒಂದೇ ಮನೆಯಲ್ಲಿ ಗಂಡನಿಗೊಂದು ಹೆಸರು, ಹೆಂಡತಿಗೊಂದು, ಮಕ್ಕಳಿಗೊಂದು. ಮನೆತನದ ಹೆಸರು ಅನ್ನುವುದು ಆ ಜನರಲ್ಲಿ ಇರಲೇ ಇಲ್ಲ. ಅಪ್ಪ ಸತ್ತರೆ ನೆಲ ಯಾರದ್ದು ಅಂತ ಕಡತದಲ್ಲಿ ತೋರಿಸಲು ಆಗುತ್ತಿರಲಿಲ್ಲ. ಆ ಗೊಂದಲದಲ್ಲಿ ನೆಲ ಕೈತಪ್ಪಬಾರದು ಅಂತ, ಒಂದೊಂದು ಕುಟುಂಬದ ಜೊತೆ ಕೂತು ಯಾರು ಯಾರ ಮಗ, ಯಾರು ಯಾರ ಮಗಳು ಅಂತ ಕೇಳಿ, ಮನೆಗೊಂದು ಹೆಸರು ಗೊತ್ತು ಮಾಡಿ ಬರೆಯಬೇಕಿತ್ತು. ಹಕಾದಾ, ಒಹಿಯೆಸಾ, ಚಾರ್ಲ್ಸ್ ಅಂತ ಮೂರು ಹೆಸರು ಹೊತ್ತಿದ್ದ ಮನುಷ್ಯ ಮತ್ತೆ ಊರೂರು ಸುತ್ತಿ, ಮನೆಮನೆಯಲ್ಲಿ ಕೂತು ಆ ಪಟ್ಟಿ ಬರೆದರು. ಕಿಂಡಿ ಇಲ್ಲದ ಕೆಲಸ ಅದು.